ಓದುಗರ ಸ್ಪಂದನ: ಕುಕ್ಕರ್ ಕೂಗಿದರೆ ಜೀವ ಹೋದಂತಾಗುತ್ತದೆ

(ಕುಕ್ಕರ್ ಕೂಗು, ಸ್ಟೀಲ್ ಪಾತ್ರೆಗಳ ಸದ್ದು ಸಹಿಸಲಾಗದೆ ದಿನವಿಡೀ ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತೇನೆ, ಮನೆಯವರು ಇದನ್ನು ನಾಟಕವೆನ್ನುತ್ತಾರೆ ಎಂದು ದಾವಣಗೆರೆಯ ಗೃಹಿಣಿಯೊಬ್ಬರು ಕಳೆದ ಸಂಚಿಕೆಯಲ್ಲಿ ಬರೆದಿದ್ದರು.)

ಮೊದಲು ಆ ಹತ್ತಿಯನ್ನು ತೆಗೆಯಮ್ಮ. ನಾನೂ ಇದೇ ತಪ್ಪು ಮಾಡಿದವಳು. ನನಗೆ ಬೆಲ್ಸ್ ಪಾಲ್ಸಿ (ಮುಖದ ಒಂದು ಪಕ್ಕದ ನರ ಸೋಲುವ ಕಾಯಿಲೆ) ಬಂದು ಬಾಯಿ ಸೊಟ್ಟಗಾಗಿತ್ತು. ಆಗಿನಿಂದ ಆ ಪಕ್ಕದ ಕಿವಿಗೆ ಚಮಚ ಬಿದ್ದರೂ ಸುತ್ತಿಗೆ ಏಟು. ಮುಖಕ್ಕೂ ಕಿವಿಗೂ ಏನು ಸಂಬಂಧ ಎಂದು ಕೇಳಿದ್ದಕ್ಕೆ ವೈದ್ಯರು ವಿವರಿಸಿದರು: ಕಿವಿಯೊಳಗಿನ ಸ್ಟೆಪೀಡಿಯಸ್ ಎಂಬ ಪುಟ್ಟ ಸ್ನಾಯು ದೊಡ್ಡ ಸದ್ದಿಗೆ ಬಿಗಿದುಕೊಂಡು ಅದರ ಪೆಟ್ಟನ್ನು ತಗ್ಗಿಸುತ್ತದೆ, ಅದನ್ನು ಆಡಿಸುವುದು ಮುಖದ ನರವೇ. ನರ ಸೋತರೆ ಕಾವಲುಗಾರ ನಿದ್ದೆಹೋದಂತೆ. ಬಾಯಿ ನೆಟ್ಟಗಾಯಿತು, ಹೆದರಿಕೆ ಮಾತ್ರ ಹೋಗಲಿಲ್ಲ. ಹತ್ತಿ ತುರುಕಿಕೊಂಡೆ. ಹೊರಗಿನ ಸದ್ದು ಕಡಿಮೆಯಾದಷ್ಟೂ ಮಿದುಳು ಒಳಗಿನ ವಾಲ್ಯೂಮ್ ಏರಿಸಿಕೊಳ್ಳುತ್ತದೆಯಂತೆ. ಕೊನೆಗೆ ಗೋಡೆ ಗಡಿಯಾರವೂ ಚುಚ್ಚತೊಡಗಿತು!

ಆಡಿಯಾಲಜಿಸ್ಟ್ (ಶ್ರವಣ ತಜ್ಞರು) ಒಬ್ಬರು, ಸಾಮಾನ್ಯ ಸದ್ದೂ ಸಹಿಸಲಾಗದಷ್ಟು ದೊಡ್ಡದಾಗಿ ಕೇಳಿಸುವ ಇದಕ್ಕೆ ಹೈಪರ್‌ಅಕ್ಯೂಸಿಸ್ ಎಂದರು. ಜಿಟಿಜಿಟಿ ಮಳೆಯಂಥ ಮೆಲುದನಿಯನ್ನು ದಿನವೂ ಕೇಳಿಸುತ್ತ, ಸ್ವಲ್ಪಸ್ವಲ್ಪವೇ ಏರಿಸುತ್ತ ಹೋದರು. ಎಂಟು ತಿಂಗಳು ಹಿಡಿಯಿತು. ಈಗ ಮಿಕ್ಸಿಯನ್ನು ನಾನೇ ಹಾಕುತ್ತೇನೆ. ಪಟಾಕಿಗೆ ಮಾತ್ರ ಇಯರ್‌ಪ್ಲಗ್, ಮದುವೆಯ ವಾಲಗಕ್ಕೆ ಕೊನೆಯ ಸಾಲು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಶ್ರವಣ ಪರೀಕ್ಷೆ ಮಾಡುತ್ತಾರೆ. ಒಮ್ಮೆ ಹೋಗಿ ಬಾ.
– ನಿವೃತ್ತ ಶಿಕ್ಷಕಿ, ತಿಪಟೂರು

ನಾಟಕವೆಂದ ಆ 'ಮನೆಯವರ' ಜಾತಿಗೆ ಸೇರಿದವಳು ನಾನು. ನನ್ನ ಸೊಸೆ ತಟ್ಟೆ ಹಿಡಿದು ಕೋಣೆಯೊಳಗೆ ಹೋಗಿ ಉಣ್ಣುತ್ತಿದ್ದಳು. ಓದಿದ ಹುಡುಗಿಯ ಜಂಬ ಎಂದುಕೊಂಡಿದ್ದೆ. ನಾನು ತಂಬುಳಿಯನ್ನು ಸೊರ್ರೆಂದು ಸುರಿಯುವ ಸದ್ದು ಅವಳಿಗೆ ಆಗುತ್ತಿರಲಿಲ್ಲ. ಸದ್ದು ದೊಡ್ಡದೆಂದಲ್ಲ, ಕೇಳಿದೊಡನೆ ಸಿಟ್ಟು ಉಕ್ಕುತ್ತಿತ್ತಂತೆ. ಅದು ಮಿಸೋಫೋನಿಯಾ, ನಿಮ್ಮ ತೊಂದರೆ ಬೇರೆಯಿರಬಹುದು. 2001ರವರೆಗೆ ಅದಕ್ಕೆ ಆ ಹೆಸರೂ ಇರಲಿಲ್ಲ, ನಮ್ಮ ಕಾಲದಲ್ಲಿ 'ಮುಂಗೋಪ' ಎನ್ನುತ್ತಿದ್ದೆವು. ನಿಮಗೆ ಎಲ್ಲ ಸದ್ದೂ ದೊಡ್ಡದಾಗಿ ಕೇಳಿಸುತ್ತದೆಯೋ, ಕೆಲವು ಸದ್ದುಗಳಷ್ಟೇ ಅಸಹ್ಯವೋ ಎಂಬುದನ್ನು ಗಮನಿಸಿ ವೈದ್ಯರಿಗೆ ಹೇಳಿ. ಈಗ ನಮ್ಮಲ್ಲಿ ಊಟದ ಹೊತ್ತಿಗೆ ರೇಡಿಯೊ ಹಾಡುತ್ತದೆ, ಸೊಸೆ ಜೊತೆಗೇ ಕೂರುತ್ತಾಳೆ. ತಂಬುಳಿ ಸುರಿಯುವುದನ್ನು ನಾನೇನೂ ಬಿಟ್ಟಿಲ್ಲ.
– ಒಬ್ಬ ಅತ್ತೆ, ಶಿರಸಿ

ಸಿಂಕಿನ ತಳಕ್ಕೆ ರಬ್ಬರ್ ಹಾಸು, ಕುರ್ಚಿ ಕಾಲಿಗೆ ಹಳೆಯ ಕಾಲುಚೀಲ. ಕುಕ್ಕರ್ ಕೂಗುವ ಮೊದಲು 'ಈಗ ಕೂಗುತ್ತದೆ' ಎಂದು ಯಾರಾದರೂ ಹೇಳಲಿ. ಆಟಿಸಂ ಇರುವ ನನ್ನ ಮಗನಿಗೆ ಅಷ್ಟರಿಂದಲೇ ಅರ್ಧ ಗಾಬರಿ ಇಳಿಯಿತು.
– ಬಳ್ಳಾರಿಯ ತಂದೆ

ಎಲ್ಲ ತಪ್ಪನ್ನೂ ನಿಮ್ಮ ಕಿವಿಯ ಮೇಲೆಯೇ ಹೊರಿಸಿಕೊಳ್ಳಬೇಡಿ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಗಿನ 6ರವರೆಗೆ ಮಿತಿ 45 ಡೆಸಿಬೆಲ್. ನಮ್ಮ ಬೀದಿಯ ಗಣಪತಿಗೆ ಇದನ್ನು ಇನ್ನೂ ಯಾರೂ ತಿಳಿಸಿಲ್ಲ.
– ನಿದ್ದೆಗೆಟ್ಟವನು, ಬೆಂಗಳೂರು