ನಾಣ್ಯದ ಮೇಲಿನ ಹಸಿರು: ಕಿಲುಬೋ, ಪೊರೆಯೋ?

ಎಲ್ಲರಿಗೂ ನಮಸ್ಕಾರ,

ರೋಮನ್ನರ ಕಂಚಿನ ನಾಣ್ಯಗಳ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ‘ಪ್ಯಾಟಿನಾ’ ಅನ್ನುವ ಪದದ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ.

ನೂರಾರು ವರ್ಷ ಮಣ್ಣಿನಲ್ಲಿದ್ದ ಕಂಚಿನ ಮೇಲೆ ಗಟ್ಟಿಯಾದ ಹಸಿರು ಪದರ ಕಟ್ಟಿಕೊಳ್ಳುತ್ತದೆ. ಅದೇ ಪ್ಯಾಟಿನಾ. ನಾವು ಇದನ್ನು ಕಿಲುಬು ಅನ್ನುತ್ತೇವೆ. ಆದರೆ ಕಿಲುಬು ಅಂದ ಕೂಡಲೇ ಕೈ ಹುಣಸೆಹಣ್ಣಿನ ಕಡೆ ಹೋಗುತ್ತದೆ. ತಾಮ್ರದ ಚೊಂಬಿಗೆ ಅದು ಸರಿ. ನಾಣ್ಯಕ್ಕೆ ಅದೇ ಕುತ್ತು.

ನನ್ನ ಹತ್ತಿರ ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ ಕಾಲದ ಒಂದು ನಾಣ್ಯ ಇದೆ. ನಮ್ಮ ಒಂದು ರೂಪಾಯಿಗಿಂತ ಚಿಕ್ಕದು. ಇಬ್ಬರು ಸೈನಿಕರು ಈಟಿ ಹಿಡಿದು ನಿಂತಿದ್ದಾರೆ, ನಡುವೆ ಎರಡು ಧ್ವಜ. ಸುತ್ತ ‘ಗ್ಲೋರಿಯಾ ಎಕ್ಸರ್ಸಿಟಸ್’ ಅಂತ ಬರಹ, ಅಂದರೆ ಸೈನ್ಯದ ಹಿರಿಮೆ. ಎರಡು ಧ್ವಜ ಇದ್ದರೆ ಸುಮಾರು ಕ್ರಿ.ಶ. 330ರಿಂದ 335ರ ನಾಣ್ಯ. ಆಮೇಲಿನದರಲ್ಲಿ ಒಂದೇ ಧ್ವಜ. ಸೈನಿಕರ ಕಾಲ ಕೆಳಗಿನ ಗೆರೆಯ ಅಡಿಯಲ್ಲಿ ಟಂಕಸಾಲೆಯ ಗುರುತು ಇರುತ್ತದೆ. ‘ಎಸ್‌ಎಂಎಎನ್’ ಇದ್ದರೆ ಆಂಟಿಯೋಕ್, ‘ಎಸ್‌ಎಂಕೆ’ ಇದ್ದರೆ ಸಿಜಿಕಸ್. ಎರಡೂ ಈಗಿನ ಟರ್ಕಿಯಲ್ಲಿದ್ದ ಊರುಗಳು.

ನನ್ನದರಲ್ಲಿ ಆ ಜಾಗ ನುಣ್ಣಗಿದೆ. ಮೊದಲು ಇಟ್ಟುಕೊಂಡಿದ್ದವರು ಯಾರೋ ತಿಕ್ಕಿ ತಿಕ್ಕಿ ಹೊಳಪು ತಂದಿದ್ದಾರೆ. ಎಷ್ಟೋ ಸಲ ಕೆಳಗಿನ ಲೋಹ ಕರಗಿ ಹೋಗಿ, ಅಕ್ಷರದ ಗುರುತು ಆ ಹಸಿರು ಪದರದಲ್ಲಿ ಮಾತ್ರ ಉಳಿದಿರುತ್ತದೆ. ಪದರ ಹೋದರೆ ಅಕ್ಷರವೂ ಹೋಯಿತು. ಈ ನಾಣ್ಯ ಯಾವ ಊರಲ್ಲಿ ಅಚ್ಚಾಯಿತೋ ಇನ್ನು ತಿಳಿಯುವ ಹಾಗಿಲ್ಲ. ನೋಡಿದಾಗೆಲ್ಲ ಸಂಕಟವಾಗುತ್ತದೆ.

ಇನ್ನೊಂದು ಬಗೆಯ ಹಸಿರೂ ಇದೆ. ತಿಳಿಯಾದ ಬಣ್ಣ, ಪುಡಿಪುಡಿ, ಉಗುರು ತಾಗಿದರೆ ಉದುರುತ್ತದೆ. ಮಣ್ಣಿನ ಉಪ್ಪು ಕಂಚಿನೊಳಗೆ ಸೇರಿಕೊಂಡು, ತೇವ ಸಿಕ್ಕಾಗೆಲ್ಲ ಅದನ್ನು ತಿನ್ನುತ್ತಾ ಹೋಗುತ್ತದೆ. ಇದಕ್ಕೆ ‘ಬ್ರಾಂಜ್ ಡಿಸೀಸ್’ ಅನ್ನುತ್ತಾರೆ. ಇದನ್ನು ತೆಗೆಯಲೇಬೇಕು, ನಾಣ್ಯವನ್ನು ತೇವ ತಾಗದ ಕಡೆ ಇಡಬೇಕು.

ಒಂದು ಉಳಿಸಬೇಕಾದ್ದು, ಒಂದು ತೆಗೆಯಬೇಕಾದ್ದು. ಎರಡಕ್ಕೂ ಕಿಲುಬು ಅಂತ ಬರೆದರೆ ಓದಿದವರು ಎರಡನ್ನೂ ತಿಕ್ಕುತ್ತಾರೆ, ಅಲ್ವಾ?

ನನಗೆ ತೋಚಿದ್ದು ಇಷ್ಟು: ತಿನ್ನುವ ಪುಡಿಗೆ ‘ಕಿಲುಬು’, ಗಟ್ಟಿ ಪದರಕ್ಕೆ ‘ಪೊರೆ’. ಪೊರೆ ಅಂದರೆ ತೆಳುವಾದ ಹೊದಿಕೆ. ಪೊರೆ ಅಂದರೆ ಕಾಪಾಡು ಅಂತಲೂ ಇದೆ. ಆ ಹಸಿರು ಮಾಡುವ ಕೆಲಸವೂ ಅದೇ. ಆದರೂ ಒಂದು ಅಳುಕು. ಹಾವು ಪೊರೆ ಕಳಚುತ್ತದೆ, ಕಣ್ಣಿನ ಪೊರೆಯನ್ನು ನಾವು ತೆಗೆಸುತ್ತೇವೆ. ದಿನದ ಮಾತಿನಲ್ಲಿ ಪೊರೆಯೂ ಬಿಟ್ಟುಹೋಗಬೇಕಾದ್ದೇ. ‘ಹಸಿರುಪೊರೆ’ ಅಂತ ಒಂದೇ ಪದ ಮಾಡಿದರೆ ಆ ನೆನಪು ಸ್ವಲ್ಪ ಕಡಿಮೆಯಾಗಬಹುದೇ?

ಕಂಚಿನ ಕೆಲಸದವರು, ಹಳೇ ವಿಗ್ರಹ ನೋಡಿಕೊಳ್ಳುವವರು ಈ ಗಟ್ಟಿ ಹಸಿರಿಗೆ ಬೇರೆ ಮಾತು ಬಳಸುವುದನ್ನು ಕೇಳಿದ್ದರೆ ದಯವಿಟ್ಟು ತಿಳಿಸಿ. ಯಾವ ಕಡೆಯ ಮಾತು ಅಂತಲೂ ಬರೆಯಿರಿ.