ಪುಟ್ಟಿಗೆ: ಇಟಾಲಿಯನ್ ಲೆಕ್ಕ ಕಿವಿಗೆ ಹತ್ತಬೇಕಾದ್ರೆ

ಪುಟ್ಟಿ, ನಿನ್ನ ಮೆಸೇಜ್ ಈಗ ನೋಡ್ದೆ. ಟೈಪ್ ಮಾಡ್ತಾ ಕೂರೋದಕ್ಕಿಂತ ಮಾತಾಡಿ ಕಳಿಸೋದೇ ಸರಿ, ಯಾಕಂದ್ರೆ ನೀನು ಕೇಳಿರೋದು ಕಿವಿಗೆ ಸಂಬಂಧಪಟ್ಟಿದ್ದು. ಗ್ರೂಪಿನಲ್ಲಿರೋ ಉಳಿದವರಿಗೂ ಗೊತ್ತಾಗ್ಲಿ ಅಂತ ಹೇಳ್ತೀನಿ. ಇವಳು ಸೆಪ್ಟೆಂಬರ್‌ನಲ್ಲಿ ಇಲ್ಲಿಗೆ, ಇಟಲಿಯ ಟುರಿನ್‌ಗೆ, ಓದೋಕೆ ಬರ್ತಿದ್ದಾಳಲ್ಲ, ಒಂದರಿಂದ ನೂರರವರೆಗೆ ಇಟಾಲಿಯನ್‌ನಲ್ಲಿ ಬಾಯಿಪಾಠ ಮಾಡಿದ್ದಾಳಂತೆ. ಆದ್ರೆ ವಿಡಿಯೋದಲ್ಲಿ ಯಾರಾದ್ರೂ ಬೆಲೆ ಹೇಳಿದ್ರೆ ಒಂದೂ ಹಿಡಿಯೋಕಾಗ್ತಿಲ್ಲ, ಹಾಗಾದ್ರೆ ಸಾವಿರದವರೆಗೂ ಕಲೀಬೇಕಾ ಅಂತ ಕೇಳಿದ್ದಾಳೆ. ಭಾವ ಅದರ ಕೆಳಗೇ "ದುಡ್ಡಿನ ವ್ಯವಹಾರ ಹೇಗೆ ಮಾಡ್ತಾಳೋ" ಅಂತ ಬರೆದಿದ್ದಾರೆ.

ಸಾವಿರ ಸದ್ಯಕ್ಕೆ ಬೇಡ ಪುಟ್ಟಿ. ತೊಂಬತ್ತು ಸಾಕು. ಆದ್ರೆ ಸಾಲಾಗಿ ಹೇಳೋದನ್ನ ಇವತ್ತೇ ಬಿಟ್ಟುಬಿಡು. ಏಳರ ಮಗ್ಗಿ ಮೊದಲಿಂದ ಹೇಳ್ತಾ ಬಂದ್ರೆ ಸಲೀಸು, ನಡುವೆ ನಿಲ್ಲಿಸಿ "ಏಳೆಂಟ್ಲ ಎಷ್ಟು" ಅಂದ್ರೆ ತಡವರಿಸ್ತೀವಲ್ಲ, ನಿನಗೀಗ ಆಗಿರೋದು ಅದೇ. ಅಂಗಡಿಯವನು ಒಂದರಿಂದ ಶುರು ಮಾಡೋದಿಲ್ಲ. ನೇರವಾಗಿ "ಸೆತ್ತೆ ಎ ಸೆಸ್ಸಾಂತಾ" ಅಂತಾನೆ, ಅಂದ್ರೆ 7 ಯೂರೋ 60 ಸೆಂಟ್.

ಮೊದಲು ಉಚ್ಚಾರಣೆ ಹೇಳ್ಬಿಡ್ತೀನಿ, ಇದರಲ್ಲಿ ನಮಗೆ ತುಂಬಾ ಅನುಕೂಲ ಇದೆ. ಊನೊ, ದೂಎ, ತ್ರೆ, ಕ್ವಾತ್ತ್ರೊ, ಚಿಂಕ್ವೆ, ಸೇಯಿ, ಸೆತ್ತೆ, ಒತ್ತೊ, ನೋವೆ, ದಿಯೇಚಿ. ಎಲ್ಲಾ ಪದವೂ ಸ್ವರದಲ್ಲೇ ಮುಗಿಯುತ್ತೆ ನೋಡು. ಏಳೂ ಎಂಟೂ ಒತ್ತಕ್ಷರ, ಅದನ್ನ ತೇಲಿಸದೆ ಒತ್ತಿಯೇ ಹೇಳ್ಬೇಕು. ಇಂಗ್ಲಿಷ್‌ನವರು ಇದಕ್ಕೆ ಒದ್ದಾಡ್ತಾರೆ, ಕತ್ತೆ-ಕತೆ ವ್ಯತ್ಯಾಸ ಗೊತ್ತಿರೋ ನಮಗೆ ಅದು ಕಷ್ಟವೇ ಅಲ್ಲ. ಒಂದೇ ಒಂದು ಎಚ್ಚರ: ಇಂಗ್ಲಿಷ್ ಅಕ್ಷರದಲ್ಲಿ ಓದಿ ಕಲಿತ್ರೆ ಬಾಯಲ್ಲಿ 'ಟ್ರೆ', 'ಒಟ್ಟೊ' ಅಂತ ಬಂದ್ಬಿಡುತ್ತೆ. ಅದು ತಕಾರ, ನಾಲಿಗೆ ಹಲ್ಲಿಗೆ ತಾಗ್ಬೇಕು. ಅದಕ್ಕೇ ನಿನ್ನ ಚಾರ್ಟ್‌ನ ಕನ್ನಡ ಅಕ್ಷರದಲ್ಲಿ ಮತ್ತೊಂದ್ಸಲ ಬರ್ಕೊ.

ಹನ್ನೊಂದರಿಂದ ಹತ್ತೊಂಬತ್ತರವರೆಗೆ ಸ್ವಲ್ಪ ತಿರುವು ಇದೆ. ಊಂದಿಚಿ, ದೋದಿಚಿ, ತ್ರೇದಿಚಿ ಅಂತ ಹದಿನಾರರವರೆಗೆ, ಅಂದ್ರೆ ಸೇದಿಚಿವರೆಗೆ, ಬಿಡಿ ಅಂಕೆ ಮುಂದೆ, ಹತ್ತು ಹಿಂದೆ. ಹದಿನೇಳಕ್ಕೆ ಬಂದ ತಕ್ಷಣ ತಿರುಗುಮುರುಗು: ದಿಚಾಸ್ಸೆತ್ತೆ, ದಿಚೊತ್ತೊ, ದಿಚಾನ್ನೋವೆ. ಇಲ್ಲಿ ಹತ್ತು ಮುಂದೆ ಬರುತ್ತೆ. ಇದಕ್ಕೆ ಬೇರೆ ದಾರಿ ಇಲ್ಲ, ಈ ಒಂಬತ್ತನ್ನ ಮಾತ್ರ ಬಾಯಿಪಾಠ ಮಾಡ್ಲೇಬೇಕು. ಅಲ್ಲಿಂದಾಚೆ ಆರಾಮ. ವೆಂತಿ ಅಂದ್ರೆ ಇಪ್ಪತ್ತು, ವೆಂತಿದೂಎ ಇಪ್ಪತ್ತೆರಡು. ಇಪ್ಪತ್ತೊಂದಕ್ಕೆ ಮಾತ್ರ ವೆಂತೂನೊ, ಇಪ್ಪತ್ತೆಂಟಕ್ಕೆ ವೆಂತೊತ್ತೊ, ಅಲ್ಲಿ 'ಇ'ಕಾರ ಬಿದ್ದುಹೋಗುತ್ತೆ. ನಿನ್ನ ಆ್ಯಪ್ ಇದನ್ನ ಅಪವಾದ ಅಂತ ಹೇಳ್ಕೊಟ್ಟಿದೆ ಅಂದ್ಯಲ್ಲ, ಅಪವಾದ ಏನಿಲ್ಲ ಪುಟ್ಟಿ, ಹೈಸ್ಕೂಲ್‌ನಲ್ಲಿ ಓದಿದ ಲೋಪಸಂಧಿ! ಇಪ್ಪತ್ತು ಪ್ಲಸ್ ಒಂದು, ಉಕಾರ ಲೋಪವಾಗಿ ಇಪ್ಪತ್ತೊಂದು. ಇವರಲ್ಲಿ ಒಂಬತ್ತರೊಳಗೆ ಸ್ವರದಿಂದ ಶುರುವಾಗೋದು ಊನೊ ಮತ್ತು ಒತ್ತೊ ಎರಡೇ, ಹಾಗಾಗಿ ಆ ಎರಡು ಕಡೆ ಮಾತ್ರ ಸಂಧಿ. ಮೂವತ್ತೊಂದು ತ್ರೆಂತೂನೊ, ನಲವತ್ತೆಂಟು ಕ್ವಾರಾಂತೊತ್ತೊ, ತೊಂಬತ್ತೆಂಟರವರೆಗೂ ಇದೇ ನಿಯಮ.

ಕಿವಿಗೆ ಮೋಸ ಮಾಡೋ ಜೋಡಿ ಅಂದ್ರೆ ಸೆಸ್ಸಾಂತಾ ಮತ್ತು ಸೆತ್ತಾಂತಾ, ಅರವತ್ತು ಎಪ್ಪತ್ತು. ಜೋರಾಗಿ ಹೇಳುವಾಗ ನಡುವಿನ ಒಂದು ಒತ್ತಕ್ಷರ ಮಾತ್ರ ಬೇರೆ. ನಮ್ಮ ಇಪ್ಪತ್ತೂ ಎಪ್ಪತ್ತೂ ಹೊಸಬರಿಗೆ ಹೀಗೇ ಕೇಳ್ಸುತ್ತೆ ಬಿಡು. ಈ ಎರಡನ್ನ ದಿನಾ ಬೇರೆ ಬೇರೆ ಧ್ವನಿಯಲ್ಲಿ ಕೇಳು. ಸಂಶಯ ಬಂದ್ರೆ ಅಂಗಡಿಯಲ್ಲಿ ಸಂಕೋಚ ಬೇಡ, "ಕೋಮೆ?" ಅಂತ ಕೇಳಿದ್ರೆ ಮತ್ತೊಂದ್ಸಲ ಹೇಳ್ತಾರೆ.

ಭಾವ, ದುಡ್ಡಿನ ವಿಷಯ ಈಗ ಕೇಳಿ. ಇಲ್ಲಿ ದಶಾಂಶಕ್ಕೆ ಕಾಮಾ ಹಾಕ್ತಾರೆ, ಸಾವಿರಕ್ಕೆ ಚುಕ್ಕಿ ಇಡ್ತಾರೆ. 2,50 ಅಂದ್ರೆ ಎರಡೂವರೆ ಯೂರೋ. ಬಾಡಿಗೆ ಅಡ್ವಾನ್ಸು 1.200 ಅಂತ ಬರೆದಿದ್ರೆ ಅದು ಸಾವಿರದ ಇನ್ನೂರು, ಒಂದು ಯೂರೋ ಇಪ್ಪತ್ತು ಸೆಂಟ್ ಅಂದ್ಕೊಂಡು ಖುಷಿಪಡಬೇಡಿ. ಕೈಬರಹದಲ್ಲಿ ಇವರ ಒಂದಕ್ಕೆ ಮೇಲೆ ಉದ್ದ ಕೊಕ್ಕೆ ಇರುತ್ತೆ, ನಮ್ಮ ಕಣ್ಣಿಗೆ ಏಳರ ಹಾಗೆ ಕಾಣುತ್ತೆ. ನಡುವೆ ಅಡ್ಡಗೆರೆ ಇದ್ರೆ ಅದು ಏಳು. ಲಕ್ಷ, ಕೋಟಿ ಇವರಿಗೆ ಇಲ್ಲ. ನಮ್ಮ ಲಕ್ಷ ಇವರಿಗೆ ಚೆಂತೊಮೀಲ, ಕೋಟಿ ಅಂದ್ರೆ ದಿಯೇಚಿ ಮಿಲಿಯೋನಿ. ಎಜುಕೇಶನ್ ಲೋನಿನ ಕಾಗದ ತೋರಿಸಿ ವಿವರಿಸೋ ಸಂದರ್ಭ ಬಂದ್ರೆ ಇದು ಬೇಕಾಗುತ್ತೆ.

ಇನ್ನು ಪೋರ್ತಾ ಪಲಾತ್ಸೊ ಸಂತೆ. ಟುರಿನ್‌ನ ದೊಡ್ಡ ಬಯಲು ಮಾರುಕಟ್ಟೆ ಅದು, ಬಂದ ವಾರವೇ ಕರ್ಕೊಂಡು ಹೋಗ್ತೀನಿ. ತರಕಾರಿಯವರು "ದೂಎ ಎವುರೊ ಅಲ್ ಕೀಲೊ" ಅಂತ ಕೂಗ್ತಿರ್ತಾರೆ, ಅಂಕೆಗೆ ಅದಕ್ಕಿಂತ ಒಳ್ಳೆ ಕ್ಲಾಸು ಇನ್ನೊಂದಿಲ್ಲ. ಚೀಸು, ಆಲಿವ್ ತಗೊಳ್ಳೋವಾಗ ಕಿಲೋ ಹೇಳಲ್ಲ, 'ಎತ್ತೊ' ಅಂತಾರೆ, ಅಂದ್ರೆ ನೂರು ಗ್ರಾಂ. ಉನ್ ಎತ್ತೊ ನೂರು, ದೂಎ ಎತ್ತಿ ಇನ್ನೂರು. ಬೋರ್ಡಿನ ಮೇಲಿನ ಬೆಲೆ ಕಿಲೋಗೋ ಎತ್ತೊಗೋ ಅಂತ ನೋಡ್ಕೊ, ಹತ್ತು ಪಟ್ಟು ವ್ಯತ್ಯಾಸ.

ಕಾಲೇಜಿಗೆ ಬೇಕಾದ ಅಂಕೆ ಬೇರೆ. ಇಲ್ಲಿ ಪ್ರತಿ ಪರೀಕ್ಷೆಗೂ ಮೂವತ್ತಕ್ಕೆ ಅಂಕ, ಪಾಸಾಗೋಕೆ ಹದಿನೆಂಟು. ಮೌಖಿಕ ಪರೀಕ್ಷೆ ಮುಗಿದ ಮೇಲೆ ಪ್ರೊಫೆಸರ್ ಎದುರಿಗೇ "ವೆಂತಿಸೆತ್ತೆ" ಅಂತ ಹೇಳೋದುಂಟು. ಹಾಗಾಗಿ ದಿಚೊತ್ತೊದಿಂದ ತ್ರೆಂತಾವರೆಗಿನ ಹದಿಮೂರು ಅಂಕೆ ನಿದ್ದೆಯಲ್ಲೂ ಗೊತ್ತಿರ್ಬೇಕು. ಡಿಗ್ರಿಗೆ ಕೊನೆಯಲ್ಲಿ ನೂರಹತ್ತಕ್ಕೆ ಕೊಡ್ತಾರೆ. ಚೆಂತೊದಿಯೇಚಿ ಎ ಲೋದೆ ಅಂದ್ರೆ ಪೂರ್ತಿ ಅಂಕದ ಮೇಲೆ ವಿಶೇಷ ಮೆಚ್ಚುಗೆ. ನಿನ್ನ ಬಾಯಿಂದ ಅದನ್ನ ಕೇಳ್ಬೇಕು ಅಂತ ನನಗೆ ಆಸೆ ಇದೆ.

ಅಮ್ಮಾ, ನೀವೂ ಕೇಳಿಸ್ಕೊತಿದ್ರೆ ನಿಮಗೊಂದು ವಿಷಯ. ಇಟಲಿಯವರಿಗೆ ಮೊದಲು ರೋಮನ್ ಅಂಕಿಗಳೇ ಇದ್ದದ್ದು. ಫಿಬೊನಾಚಿ ಅಂತ ಹೆಸರಾದ ಪೀಸಾದ ಲಿಯೊನಾರ್ಡೊ, ಉತ್ತರ ಆಫ್ರಿಕಾದ ಬಂದರಿನಲ್ಲಿ ಕಲಿತು ಬಂದು, 1202ರಲ್ಲಿ ಬರೆದ ಲೆಕ್ಕದ ಪುಸ್ತಕದಲ್ಲಿ "ಭಾರತೀಯರ ಒಂಬತ್ತು ಅಂಕೆಗಳು" ಅಂತಲೇ ಶುರು ಮಾಡಿ, ಸೊನ್ನೆಯನ್ನೂ ಸೇರಿಸಿ ಇವರಿಗೆ ಕಲಿಸಿದ. ಎಲ್ಲರೂ ತಕ್ಷಣ ಒಪ್ಪಲಿಲ್ಲ. 1299ರಲ್ಲಿ ಫ್ಲಾರೆನ್ಸ್‌ನ ನಾಣ್ಯ ವಿನಿಮಯದವರ ಸಂಘ ಈ ಅಂಕೆಗಳನ್ನ ಲೆಕ್ಕದ ಪುಸ್ತಕದಲ್ಲಿ ಬರೀಬಾರದು ಅಂತ ನಿಯಮ ಮಾಡಿತ್ತು. ಪುಟ್ಟಿ ಇಲ್ಲಿ ಕಲಿಯೋಕೆ ಬರ್ತಿರೋದು ಹೆಸರುಗಳನ್ನ ಅಷ್ಟೇ, ಅಂಕೆ ಮನೇದೇ.

ಈಗ ನಿಜವಾದ ಉಪಾಯ: ತಂಬೋಲ ಆಡೋಣ. ಮದುವೆಮನೇಲಿ ನಾವು ಆಡ್ತೀವಲ್ಲ ಹೌಸಿ, ಅದರ ತಂಬೋಲ ಅನ್ನೋ ಹೆಸರು ಇಲ್ಲಿಂದ ಹೋದದ್ದೇ. ಇವರ 'ತೋಂಬೊಲ' ಕ್ರಿಸ್‌ಮಸ್ ಸಮಯದಲ್ಲಿ ಮನೆಮನೆಯಲ್ಲೂ ನಡೆಯುತ್ತೆ, ನೇಪಲ್ಸ್ ಕಡೆ ಇನ್ನೂ ಜೋರು. ಒಂದರಿಂದ ತೊಂಬತ್ತು, ಮೂರು ಸಾಲು, ಹದಿನೈದು ಅಂಕೆ, ಥೇಟ್ ನಮ್ಮ ಟಿಕೆಟ್ಟೇ. ಬಂದ ಅಂಕೆ ಮೇಲೆ ಹುರುಳಿಕಾಯಿ ಬೀಜವೋ ಕಿತ್ತಳೆ ಸಿಪ್ಪೆಯ ಚೂರೋ ಇಡ್ತಾರೆ. ಒಂದೇ ಸಾಲಲ್ಲಿ ಎರಡು ಬಂದ್ರೆ ಆಂಬೊ, ಮೂರಕ್ಕೆ ತೆರ್ನೊ, ನಾಲ್ಕಕ್ಕೆ ಕ್ವಾತೆರ್ನ, ಐದಕ್ಕೆ ಚಿಂಕ್ವೀನ, ಪೂರ್ತಿ ಆದ್ರೆ ತೋಂಬೊಲ. ನಮ್ಮಲ್ಲಿ 88 ಬಂದ್ರೆ "ಟೂ ಫ್ಯಾಟ್ ಲೇಡೀಸ್" ಅಂತ ಕೂಗ್ತಾರಲ್ಲ, ನೇಪಲ್ಸ್‌ನವರಿಗೆ ತೊಂಬತ್ತಕ್ಕೂ ಒಂದೊಂದು ಹೆಸರಿದೆ: 22 ಹುಚ್ಚ, 25 ಕ್ರಿಸ್‌ಮಸ್, 47 ಸತ್ತವನು, 48 ಮಾತಾಡೋ ಸತ್ತವನು, 90 ಭಯ. ಹೀಗೆ ಚಿತ್ರ ಕೂತ್ರೆ ಅಂಕೆ ಮರೆಯೋದೇ ಇಲ್ಲ. ಅಂಕೆ ಸಾಲಾಗಿ ಬರೋದಿಲ್ಲ, ಕೇಳಿದ ಕೂಡಲೇ ಹುಡುಕ್ಬೇಕು, ನಿನಗೆ ಬೇಕಿರೋ ಅಭ್ಯಾಸ ಇದೇ.

ಪ್ರತಿ ಭಾನುವಾರ ನಿಮ್ಮ ಸಂಜೆ ಏಳಕ್ಕೆ ವಿಡಿಯೋ ಕಾಲ್ ಮಾಡ್ತೀನಿ, ನಾನೇ ಕೂಗ್ತೀನಿ. ಅಕ್ಕ, ಹೌಸಿ ಟಿಕೆಟ್ ಪುಸ್ತಕ ಅಟ್ಟದ ಮೇಲಿನ ಡಬ್ಬಿಯಲ್ಲಿರ್ಬೇಕು, ತೆಗೆದಿಡಿ. ಎಲ್ಲರೂ ಆಡಿ, ಇವಳೊಬ್ಬಳನ್ನೇ ಕೂರಿಸಿದ್ರೆ ಅದು ಟ್ಯೂಷನ್ ಆಗ್ಬಿಡುತ್ತೆ. ಮೊದಲ ವಾರ ಅಂಕೆಯನ್ನ ಎರಡು ಸಲ ನಿಧಾನವಾಗಿ ಹೇಳ್ತೀನಿ, ಆಮೇಲೆ ಒಂದೇ ಸಲ, ಇಲ್ಲಿನ ಅಂಗಡಿಯವರ ವೇಗದಲ್ಲಿ. ಪುಟ್ಟಿ, ಅಷ್ಟರೊಳಗೆ ನೀನು ನಿನ್ನ ಫೋನ್ ನಂಬರ್‌ನ ಇಟಾಲಿಯನ್‌ನಲ್ಲಿ, ಒಂದೊಂದೇ ಅಂಕೆಯಾಗಿ ಒಂದ್ಸಲ, ಎರಡೆರಡು ಜೋಡಿಸಿ ಒಂದ್ಸಲ ಹೇಳಿ ನನಗೆ ವಾಯ್ಸ್ ಕಳ್ಸು. ಗ್ರೂಪಿಗೆ ಬೇಡ, ನನಗೊಬ್ಬಳಿಗೇ.