90 ದಾಟಿದರೆ ಬೈಕ್ ಓಲಾಡುತ್ತೆ, ಗೊತ್ತಿರೋರು ಪರಿಹಾರ ಹೇಳಿ

ಶಿರಸಿ ಸವಾರ:
ಸಾಕಾಗಿ ಹೋಗಿದೆ. 90 ದಾಟಿದ ಕೂಡಲೇ ಗಾಡಿ ಓಲಾಡೋಕೆ ಶುರು ಮಾಡುತ್ತೆ. ಹ್ಯಾಂಡಲ್ ಗಟ್ಟಿಯಾಗಿ ಹಿಡಿದರೆ ಇನ್ನೂ ಜಾಸ್ತಿ. ಮೊನ್ನೆ ಲಾರಿ ಓವರ್‌ಟೇಕ್ ಮಾಡುವಾಗ ಜೀವ ಬಾಯಿಗೆ ಬಂತು. ವ್ಹೀಲ್ ಬ್ಯಾಲೆನ್ಸ್ ಆಯ್ತು, ಗಾಳಿ ಚೆಕ್ ಆಯ್ತು. ಸರ್ವೀಸ್‌ನವರು ಒಂದು ರೌಂಡ್ ಹೋಗಿ ಬಂದು "ಏನೂ ಇಲ್ಲ ಸಾರ್, ಚೆನ್ನಾಗೇ ಇದೆ" ಅಂತ ಬಿಲ್ ಕೈಗೆ ಕೊಟ್ಟರು. ಗಾಡಿ ಪೂರ್ತಿ ಸ್ಟಾಕ್, ಕಂಪನಿಯಿಂದ ಬಂದ ಹಾಗೇ ಇದೆ. ಯಾರಿಗಾದರೂ ಹೀಗೆ ಆಗಿದೆಯಾ? ದಯವಿಟ್ಟು "ನಿಧಾನಕ್ಕೆ ಓಡಿಸಿ" ಅಂತ ಮಾತ್ರ ಹೇಳಬೇಡಿ.

ಹಳೇ ಸ್ಪ್ಯಾನರ್:
ಕೋನ್‌ಸೆಟ್, ಅಂದರೆ ಹ್ಯಾಂಡಲ್ ತಿರುಗೋ ಜಾಗದ ಬೇರಿಂಗ್, ಹೋಗಿದೆ. ಬೇರೆ ಏನೂ ನೋಡೋದೇ ಬೇಡ.

ಟಾರ್ಕ್ ತಿಮ್ಮ:
ಯಾವ ಗಾಡಿ ಅಂತಾನೇ ಹೇಳಿಲ್ಲ, ಆಗಲೇ ಕೋನ್‌ಸೆಟ್ ಬಿಚ್ಚಿಸ್ತಿದ್ದೀರಲ್ಲ ಅಣ್ಣ 😄

ಶಿರಸಿ ಸವಾರ:
ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411, 2019. ಕೋನ್‌ಸೆಟ್ ಸರ್ವೀಸಲ್ಲಿ ಟೈಟ್ ಮಾಡಿದ್ದಾರೆ. ಅದಾದ ಮೇಲೂ ಹಾಗೇ ಇದೆ.

ಹಳೇ ಸ್ಪ್ಯಾನರ್:
ಟೈಟ್ ಮಾಡಿದರೆ ಸರಿ ಹೋಗಲ್ಲ ಮಾರಾಯ. ಬಾಲ್ ಕೂತು ಕೂತು ಕಪ್‌ನಲ್ಲಿ ಗುಳಿ ಬಿದ್ದಿರುತ್ತೆ. ನಮ್ಮ ರಸ್ತೆಗಳ ಹಂಪ್‌ಗೂ ಗುಂಡಿಗೂ ಯಾವ ಗಾಡಿಯದ್ದಾದರೂ ಒಂದು ದಿನ ಹೋಗಲೇಬೇಕು. ಡಬಲ್ ಸ್ಟ್ಯಾಂಡ್ ಹಾಕು. ಹಿಂದೆ ಒಬ್ಬರನ್ನ ಕೂರಿಸಿ ಮುಂದಿನ ಚಕ್ರ ಮೇಲೆತ್ತು. ಎರಡೇ ಬೆರಳಲ್ಲಿ ಹ್ಯಾಂಡಲನ್ನ ನಿಧಾನಕ್ಕೆ ಎಡಕ್ಕೆ ಬಲಕ್ಕೆ ತಿರುಗಿಸು. ನಡುವಿಗೆ ಬಂದಾಗ "ಕಟ್" ಅಂತ ಸಿಕ್ಕಿ ನಿಂತರೆ ಕಪ್ ಮುಗೀತು ಅಂತ ಅರ್ಥ. ಆಮೇಲೆ ಫೋರ್ಕಿನ ಕೆಳಭಾಗ ಹಿಡಿದು ಹಿಂದಕ್ಕೂ ಮುಂದಕ್ಕೂ ಎಳಿ. ಟಕ್ ಟಕ್ ಅಂದರೆ ಸಡಿಲ ಇದೆ. ಬಾಲ್ ಬದಲು ಟೇಪರ್ ರೋಲರ್ ಬೇರಿಂಗ್ ಹಾಕಿಸು, ಈ ತಲೆನೋವು ಬಹಳ ವರ್ಷ ಬರಲ್ಲ.

ಕೋಟೆ ನಾಡು:
ಎಲ್ಲಿ ಆಗುತ್ತೆ ಅಂತ ಮೊದಲು ಹೇಳಿ. ಎನ್‌ಎಚ್ 48ರಲ್ಲಿ ಚಿತ್ರದುರ್ಗದ ಆಸುಪಾಸು ಆದರೆ ಅದು ಗಾಳಿ, ಗಾಡಿಯಲ್ಲ. ನಮ್ಮ ಗುಡ್ಡದ ಮೇಲೆ ಅಷ್ಟು ಗಾಳಿಯಂತ್ರ ಸುಮ್ನೆ ನೆಟ್ಟಿದ್ದಾರಾ? ಮಳೆಗಾಲದಲ್ಲಿ ಪಕ್ಕದಿಂದ ಹೊಡೆದರೆ ಕಾರೇ ಅಲ್ಲಾಡುತ್ತೆ.

ಶಿರಸಿ ಸವಾರ:
ಹಾವೇರಿ ಹತ್ತಿರ ಹೈವೇ ಹತ್ತಿದ ಮೇಲಿಂದ ತುಮಕೂರಿನವರೆಗೂ ಆಗುತ್ತೆ. ಬೆಂಗಳೂರಿಗೆ ವಾಪಸ್ ಬರುವಾಗ ಮಾತ್ರ. ಊರಿಗೆ ಹೋಗುವಾಗ 100ರಲ್ಲೂ ಸೂಪರ್. ಅದೇ ಇನ್ನೂ ವಿಚಿತ್ರ.

ಕೋಟೆ ನಾಡು:
ನೋಡಿ, ಗಾಳಿಯೇ. ಪಶ್ಚಿಮದಿಂದ ಬರುತ್ತೆ.

ಟಾರ್ಕ್ ತಿಮ್ಮ:
ಪಶ್ಚಿಮದ ಗಾಳಿ ಹೋಗುವಾಗ ರಜೆ ಹಾಕುತ್ತಾ? ಹೋಗುವಾಗ ಎಡದಿಂದ, ಬರುವಾಗ ಬಲದಿಂದ. ಅಷ್ಟೇ ವ್ಯತ್ಯಾಸ.

ಚಾರ್ಮಾಡಿ ತಿರುವು:
ವಾಪಸ್ ಬರುವಾಗ ಮಾತ್ರ ಅಂದರೆ ಬೇರಿಂಗ್ ಮೇಲೆ ನನಗೆ ಅನುಮಾನ ಕಡಿಮೆ. ಬೇರಿಂಗ್‌ಗೆ ದಿಕ್ಕು ಗೊತ್ತಾಗಲ್ಲ. ಎರಡು ಪ್ರಶ್ನೆ. ಓಲಾಡೋದು ಹ್ಯಾಂಡಲ್ಲಾ ಅಥವಾ ಇಡೀ ಗಾಡಿಯಾ? ವಾಪಸ್ ಬರುವಾಗ ಗಾಡಿ ಮೇಲೆ ಏನೇನು ಇರುತ್ತೆ?

450 ಗಿರಿ:
ನನ್ನ ಹಿಮಾಲಯನ್ 450ಯಲ್ಲಿ 130ರಲ್ಲೂ ಒಂದು ಚೂರು ಅಲ್ಲಾಡಲ್ಲ. 452 ಸಿಸಿ, 40 ಎಚ್‌ಪಿ, ಟ್ಯೂಬ್‌ಲೆಸ್ ಸ್ಪೋಕ್ ವ್ಹೀಲ್. ಎರಡೂ ಕಡೆ ಅಲ್ಯೂಮಿನಿಯಂ ಪ್ಯಾನಿಯರ್ ಪೆಟ್ಟಿಗೆ, ಮುಂದೆ ಎರಡು ಜೊತೆ ಫಾಗ್ ಲೈಟ್, ಹ್ಯಾಂಡಲ್ ಎತ್ತರಿಸೋ ರೈಸರ್, ಇಂಜಿನ್ ಕೆಳಗೆ ದೊಡ್ಡ ಬ್ಯಾಶ್ ಪ್ಲೇಟ್. ಆಗುಂಬೆ ಇಳಿದು ಸೋಮೇಶ್ವರದಲ್ಲಿ ನಿಲ್ಲಿಸಿದರೆ ಜನ ಫೋಟೋ ತೆಗೆಸಿಕೊಳ್ತಾರೆ. 411 ಮಾರಿ ಬಿಡಿ ಬಾಸ್.

ಟಾರ್ಕ್ ತಿಮ್ಮ:
ಎರಡು ಜೊತೆ ಫಾಗ್ ಲೈಟಾ? ರಾತ್ರಿ ಎದುರಿಂದ ಬರುವವರ ಕಣ್ಣು ಹೋಗೋದು ನಿಮ್ಮಂಥವರಿಂದಲೇ. 2024ರ ಜುಲೈನಿಂದ ಕಣ್ಣು ಕುಕ್ಕುವ ಎಲ್‌ಇಡಿ ಮೇಲೆ ರಾಜ್ಯದ ಪೊಲೀಸರು ಕೇಸು ಹಾಕ್ತಿದ್ದಾರೆ, ಗೊತ್ತಿರಲಿ.

450 ಗಿರಿ:
ನನ್ನದು ಹಳದಿ ಬಣ್ಣದ್ದು. ಕೆಳಗೆ ಮುಖ ಮಾಡಿ ಹಾಕಿಸಿದ್ದೇನೆ. ಮಲೆನಾಡಿನ ಮಂಜಿನಲ್ಲಿ ರಾತ್ರಿ ಒಂದು ಸಲ ಓಡಿಸಿ ನೋಡಿ, ಆಮೇಲೆ ಮಾತಾಡೋಣ.

ಟಾರ್ಕ್ ತಿಮ್ಮ:
ಹಳದಿ ಆದರೇನು, ಟೌನ್ ಒಳಗೂ ಹಾಕ್ಕೊಂಡೇ ಬರ್ತೀರಲ್ಲ.

ಹಳೇ ಸ್ಪ್ಯಾನರ್:
ಲೈಟ್ ಜಗಳ ಬೇರೆ ಕಡೆ ಇಟ್ಟುಕೊಳ್ಳಿ. ಸವಾರ, ಹ್ಯಾಂಡಲ್ ತಿರುಗಿಸಿ ನೋಡಿದೆಯಾ? ಕಟ್ ಅಂತಾ?

ಶಿರಸಿ ಸವಾರ:
ನೋಡಿದೆ. ನಡುವಿನಲ್ಲಿ ಚೂರು ಹಿಡಿದ ಹಾಗೆ ಅನಿಸ್ತು. ಕೇಬಲ್ ಎಳೆತಾನೂ ಇರಬಹುದು, ಸರಿಯಾಗಿ ಗೊತ್ತಾಗಲಿಲ್ಲ.

ಹಳೇ ಸ್ಪ್ಯಾನರ್:
ಕೇಬಲ್ ಗೀಬಲ್ ಅಲ್ಲ. ಕೋನ್‌ಸೆಟ್.

ಚಾರ್ಮಾಡಿ ತಿರುವು:
ನನ್ನ ಪ್ರಶ್ನೆ ಇನ್ನೂ ಹಾಗೇ ಇದೆ.

ಶಿರಸಿ ಸವಾರ:
ಸಾರಿ ಅಕ್ಕ. ಹ್ಯಾಂಡಲ್ ಬಡಬಡ ಅನ್ನಲ್ಲ. ಇಡೀ ಗಾಡಿ ತೊಟ್ಟಿಲ ಹಾಗೆ ನಿಧಾನಕ್ಕೆ ತೂಗುತ್ತೆ, ಹಿಂದಿನಿಂದ ಶುರುವಾಗುತ್ತೆ. ಲಗೇಜ್ ಅಂದರೆ ಎಲ್ಲರ ಹಾಗೆ ಟಾಪ್ ಬಾಕ್ಸ್ ಇದೆ, ಅಷ್ಟೇ.

ಟಾರ್ಕ್ ತಿಮ್ಮ:
ಪೂರ್ತಿ ಸ್ಟಾಕ್ ಅಂದಿದ್ದಿರಿ?

ಶಿರಸಿ ಸವಾರ:
ಇಂಜಿನ್ ಸ್ಟಾಕ್. ಸೈಲೆನ್ಸರ್ ಕೂಡ ಬದಲಾಯಿಸಿಲ್ಲ. ಬಾಕ್ಸ್, ಉದ್ದದ ವಿಂಡ್‌ಶೀಲ್ಡ್, ಹ್ಯಾಂಡಲ್ ರೈಸರ್, ಮಣ್ಣು ದಾರಿಯ ಗುಬ್ಬಿ ಟೈರ್ ಎಲ್ಲಾ ಮಾಮೂಲಿ ತಾನೇ? ಯಾರ ಗಾಡೀಲಿ ಇಲ್ಲ?

ಟಾರ್ಕ್ ತಿಮ್ಮ:
😂😂

ಕೋಟೆ ನಾಡು:
ಉದ್ದದ ವಿಂಡ್‌ಶೀಲ್ಡ್! ಗಾಳಿ ಅಂತ ಹೇಳಿದ್ನಲ್ಲ.

ಚಾರ್ಮಾಡಿ ತಿರುವು:
ಹ್ಯಾಂಡಲ್ ಬೇಗ ಬೇಗ ನಡುಗೋದು ಒಂದು ರೋಗ. ಇಡೀ ಗಾಡಿ ನಿಧಾನಕ್ಕೆ ತೂಗೋದು ಬೇರೆ ರೋಗ. ಮೊದಲನೆಯದು ಮಧ್ಯಮ ಸ್ಪೀಡಲ್ಲಿ, ಆಕ್ಸಿಲರೇಟರ್ ಬಿಟ್ಟಾಗ ಜಾಸ್ತಿ. ಅದಕ್ಕೆ ಮುಂದಿನ ಟೈರ್, ಬ್ಯಾಲೆನ್ಸ್, ಕೋನ್‌ಸೆಟ್ ನೋಡಬೇಕು. ಎರಡನೆಯದು ಸ್ಪೀಡ್ ಏರಿದ ಹಾಗೆ ಬರುತ್ತೆ. ಅದರಲ್ಲಿ ಹಿಂದಿನ ಭಾರ, ಹಿಂದಿನ ಟೈರಿನ ಗಾಳಿ, ಪ್ರೀಲೋಡ್ (ಹಿಂದಿನ ಸ್ಪ್ರಿಂಗಿನ ಬಿಗಿ), ಹಿಂದಿನ ಚಕ್ರ ಹಿಡಿಯೋ ಸ್ವಿಂಗ್ ಆರ್ಮಿನ ಬುಷ್, ಚಕ್ರದ ಅಲೈನ್‌ಮೆಂಟ್ ನೋಡಬೇಕು. ಕೋನ್‌ಸೆಟ್ ಇದನ್ನೂ ಜಾಸ್ತಿ ಮಾಡಬಹುದು, ಇಲ್ಲ ಅನ್ನಲ್ಲ. ಆದರೆ ಊರಿಗೆ ಹೋಗುವಾಗ ಸರಿ ಇರುತ್ತೆ ಅನ್ನೋದನ್ನ ಅದು ವಿವರಿಸಲ್ಲ. ಬಾಕ್ಸ್ ಒಳಗೆ ಏನಿರುತ್ತೆ?

ಶಿರಸಿ ಸವಾರ:
ಹೋಗುವಾಗ ಬಟ್ಟೆ. ಬರುವಾಗ ಅಮ್ಮ ಕೊಡೋದು ಇದ್ದೇ ಇರುತ್ತಲ್ಲ. ತೋಟದ ತೆಂಗಿನಕಾಯಿ, ಒಂದು ಡಬ್ಬಿ ಜೋನಿ ಬೆಲ್ಲ, ಅಪ್ಪೆಮಿಡಿ ಉಪ್ಪಿನಕಾಯಿ. ಅಂಥಾ ಭಾರ ಏನಿಲ್ಲ.

ಚಾರ್ಮಾಡಿ ತಿರುವು:
ಎಷ್ಟು ಕಾಯಿ? ಎಷ್ಟು ಲೀಟರಿನ ಬಾಕ್ಸ್?

ಶಿರಸಿ ಸವಾರ:
ಇಪ್ಪತ್ತು, ಸುಲಿದಿದ್ದು. ಬೆಲ್ಲ ಐದು ಕೆಜಿ. ಬಾಕ್ಸ್ 48 ಲೀಟರ್. ಹಿಂದೆ ಕೂರುವವರಿಗೆ ಜಾಗ ಆಗಲಿ ಅಂತ ಬಾಕ್ಸ್ ಕೂರೋ ಪ್ಲೇಟ್ ಸ್ವಲ್ಪ ಹಿಂದಕ್ಕೆ ತಳ್ಳಿ ಹಾಕಿಸಿದ್ದೇನೆ.

ಚಾರ್ಮಾಡಿ ತಿರುವು:
ಸುಲಿದ ಕಾಯಿ ಒಂದೊಂದು ಅರ್ಧ ಕೆಜಿ ಮೇಲೇ ಇರುತ್ತೆ. ಎಲ್ಲಾ ಸೇರಿ 18 ಕೆಜಿ ಅಂತಿಟ್ಟುಕೊಳ್ಳಿ. ಬಾಕ್ಸ್, ಪ್ಲೇಟ್ ಸೇರಿ ಇನ್ನೊಂದು ಆರು. ಒಟ್ಟು 24. ಹಿಂದಿನ ಆಕ್ಸಲ್‌ನಿಂದ ಬಾಕ್ಸಿನ ನಡುವಿಗೆ 40 ಸೆಂ.ಮೀ. ಹಿಂದೆ ಇದೆ ಅಂದರೆ, ನಿಮ್ಮ ಗಾಡಿಯ ವ್ಹೀಲ್‌ಬೇಸ್ (ಎರಡು ಚಕ್ರದ ನಡುವಿನ ಅಂತರ) 1465 ಮಿ.ಮೀ., ಲೆಕ್ಕ ಹಾಕಿ. ಮುಂದಿನ ಚಕ್ರದಿಂದ ಆರೂವರೆ ಕೆಜಿ ಭಾರ ಎದ್ದು ಹೋಗುತ್ತೆ. ಹಿಂದೆ 30 ಕೆಜಿ ಜಾಸ್ತಿ ಕೂರುತ್ತೆ. ಹಿಂಭಾಗ ಕುಸಿಯುತ್ತೆ, ಮುಂಭಾಗ ಹಗುರ ಆಗುತ್ತೆ. ಅದರ ಮೇಲೆ ಬಾಕ್ಸಿಗೆ ಹೊಡೆಯೋ ಗಾಳಿ, ಗುಬ್ಬಿ ಟೈರಿನ ಮೆತ್ತನೆ. ತೂಗದೆ ಇನ್ನೇನು ಮಾಡುತ್ತೆ?

ಬಾಕ್ಸ್ ಮುಚ್ಚಳದ ಒಳಗಿನ ಸ್ಟಿಕ್ಕರ್ ಓದಿ. ಎಷ್ಟೇ ದೊಡ್ಡ ಬಾಕ್ಸ್ ಆದರೂ ಅದರಲ್ಲಿ ಬರೆದಿರೋ ತೂಕ ಸಾಮಾನ್ಯವಾಗಿ ಹತ್ತು ಕೆಜಿ ದಾಟಲ್ಲ. ಲೀಟರ್ ನೋಡಿ ತುಂಬಿಸೋ ಹಾಗಿಲ್ಲ.

ಹಳೇ ಸ್ಪ್ಯಾನರ್:
ನಾವು ಹಳೇ ಗಾಡಿ ಮೇಲೆ 50 ಕೆಜಿ ಅಕ್ಕಿ ಮೂಟೆ ತಂದಿದ್ದೇವೆ. ಏನೂ ಅಲ್ಲಾಡಿಲ್ಲ.

ಚಾರ್ಮಾಡಿ ತಿರುವು:
ಮೂಟೆ ಸೀಟ್ ಮೇಲೆ ಇತ್ತು ಅಲ್ವಾ ಅಣ್ಣ? ಅಂದರೆ ಎರಡು ಚಕ್ರದ ನಡುವೆ. ಸ್ಪೀಡ್ 50. ಬಾಕ್ಸ್ ಆಕ್ಸಲಿಗಿಂತ ಹಿಂದೆ, ಎತ್ತರದಲ್ಲಿದೆ.

ಹಳೇ ಸ್ಪ್ಯಾನರ್:
ಸ್ಪೀಡ್ 60 ಇತ್ತು.

450 ಗಿರಿ:
ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಕಾಯಿ ಇಟ್ಟು ಒಂದು ಸಲ, ಇಡದೆ ಒಂದು ಸಲ ಓಡಿಸಿ ನೋಡಿ. ಗೊತ್ತಾಗುತ್ತೆ.

ಟಾರ್ಕ್ ತಿಮ್ಮ:
ಅಲ್ಲಿ ಬೈಕಿಗೆ ನಿಷೇಧ ಇದೆ ಸ್ವಾಮಿ, 2023ರ ಆಗಸ್ಟ್ 1ರಿಂದ. ಪಕ್ಕದ ಸರ್ವೀಸ್ ರೋಡಲ್ಲಿ ಹೋಗಬೇಕು.

450 ಗಿರಿ:
ನಾನು ಹೋಗಿದ್ದೆ, ಯಾರೂ ಹಿಡಿಯಲಿಲ್ಲ.

ಟಾರ್ಕ್ ತಿಮ್ಮ:
ಲೈಟ್ ನೋಡಿ ಅವರೇ ಪಕ್ಕಕ್ಕೆ ಸರಿದಿರಬೇಕು.

ಚಾರ್ಮಾಡಿ ತಿರುವು:
ಸವಾರ್ ಅವರೇ, ಹೈವೇಯಲ್ಲಿ ಟೆಸ್ಟ್ ಮಾಡಬೇಡಿ. ಮುಂದಿನ ಸಲ ಕಾಯಿ, ಬೆಲ್ಲ ಎರಡನ್ನೂ ಸ್ಯಾಡಲ್ ಬ್ಯಾಗಿಗೆ ಹಾಕಿ. ಆದಷ್ಟು ಕೆಳಗೆ, ಆದಷ್ಟು ಮುಂದೆ, ಎರಡೂ ಕಡೆ ಸಮ. ಬಾಕ್ಸಲ್ಲಿ ಬಟ್ಟೆ, ರೇನ್‌ಕೋಟ್ ಮಾತ್ರ. ಹಿಂದಿನ ಪ್ರೀಲೋಡ್ ಸಿ-ಸ್ಪ್ಯಾನರಲ್ಲಿ ಎರಡು ಹಲ್ಲು ಏರಿಸಿ. ಟೈರಿಗೆ ಗಾಳಿ ಎಷ್ಟು ಇಟ್ಟಿದ್ದೀರಿ?

ಶಿರಸಿ ಸವಾರ:
ಮುಂದೆ 25, ಹಿಂದೆ 32. ಪುಸ್ತಕದಲ್ಲಿ ಇರೋ ಹಾಗೇ.

ಚಾರ್ಮಾಡಿ ತಿರುವು:
ಅದು ಒಬ್ಬರೇ ಹೋಗುವಾಗಿನ ಲೆಕ್ಕ. ಅಷ್ಟು ಲಗೇಜ್ ಇದ್ದರೆ ಇಬ್ಬರು ಕೂರುವಾಗಿನ ಲೆಕ್ಕ ಹಾಕಿ, ಅದೇ ಪುಟದಲ್ಲಿ ಇದೆ. ಬೆಳಿಗ್ಗೆ ಟೈರ್ ತಣ್ಣಗಿರುವಾಗ ನೋಡಿ. ಪೆಟ್ರೋಲ್ ಬಂಕಿನ ಮೀಟರ್ ನಂಬಬೇಡಿ. ಚೈನ್ ಬಿಗಿ ಮಾಡಿಸಿದ ಮೇಲೆ ಗುರುತಿನ ಗೆರೆ ಒಂದನ್ನೇ ನೋಡಬೇಡಿ. ಸ್ವಿಂಗ್ ಆರ್ಮ್ ಬೋಲ್ಟಿನ ನಡುವಿನಿಂದ ಆಕ್ಸಲ್ ನಡುವಿಗೆ ಎರಡೂ ಕಡೆ ಟೇಪ್ ಹಿಡಿದು ಅಳೆಯಿರಿ.

ಮತ್ತೆ ತೂಗೋಕೆ ಶುರುವಾದರೆ ಬ್ರೇಕ್ ಗಬಕ್ಕನೆ ಹಿಡಿಯಬೇಡಿ. ಕೈ ಸಡಿಲ ಬಿಡಿ, ಮೈ ಮುಂದಕ್ಕೆ ಬಾಗಿಸಿ, ಆಕ್ಸಿಲರೇಟರ್ ನಿಧಾನಕ್ಕೆ ಇಳಿಸಿ. ಗಟ್ಟಿ ಹಿಡಿದರೆ ಜಾಸ್ತಿ ಆಗುತ್ತೆ ಅಂತ ನೀವೇ ಬರೆದಿದ್ದೀರಿ.

ಹಳೇ ಸ್ಪ್ಯಾನರ್:
ಎಲ್ಲಾ ಸರಿ. ಆದರೂ ಕೋನ್‌ಸೆಟ್ ಹಾಕಿಸು.

ಶಿರಸಿ ಸವಾರ:
ಅಪ್‌ಡೇಟ್. ಊರಿಗೆ ಹೋಗುವ ಮೊದಲು ಟೇಪರ್ ಬೇರಿಂಗ್ ಹಾಕಿಸಿದೆ. ವಾಪಸ್ ಬರುವಾಗ ಕಾಯಿ, ಬೆಲ್ಲ ಸ್ಯಾಡಲ್ ಬ್ಯಾಗಲ್ಲಿ. ಪ್ರೀಲೋಡ್ ಎರಡು ಹಲ್ಲು, ಗಾಳಿ ಇಬ್ಬರ ಲೆಕ್ಕ. ಹಿರಿಯೂರು ದಾಟಿದ ಮೇಲೆ 100ರಲ್ಲಿ ಹಿಡಿದೆ, ನೇರ. 105ರ ಮೇಲೆ ವಿಂಡ್‌ಶೀಲ್ಡ್ ಸ್ವಲ್ಪ ಅಲ್ಲಾಡುತ್ತೆ, ಗಾಡಿ ಅಲ್ಲ. ಎಲ್ಲರಿಗೂ ಥ್ಯಾಂಕ್ಸ್.

ಹಳೇ ಸ್ಪ್ಯಾನರ್:
ಮೊದಲನೇ ದಿನವೇ ಹೇಳಿದ್ದೆ.

ಕೋಟೆ ನಾಡು:
ಆ ವಾರ ನಮ್ಮ ಕಡೆ ಗಾಳಿನೂ ಇರಲಿಲ್ಲ.

ಚಾರ್ಮಾಡಿ ತಿರುವು:
ಎಲ್ಲಾ ಒಟ್ಟಿಗೇ ಮಾಡಿಸಿದರೆ ಯಾವುದರಿಂದ ಸರಿ ಹೋಯ್ತು ಅಂತ ಹೇಗೆ ಗೊತ್ತಾಗಬೇಕು? ಹಳೇ ಕಪ್ ಇದ್ದರೆ ಫೋಟೋ ಹಾಕಿ. ಗುಳಿ ಬಿದ್ದಿದ್ದರೆ ಬೆರಳುಗುರು ಆಡಿಸಿದಾಗಲೇ ತಿಳಿಯುತ್ತೆ.

ಶಿರಸಿ ಸವಾರ:
ಅಂಗಡಿಯವರು ಗುಜರಿಗೆ ಹಾಕಿಬಿಟ್ಟರಂತೆ.

ಹಳೇ ಸ್ಪ್ಯಾನರ್:
ಗುಳಿ ಇದ್ದೇ ಇರುತ್ತೆ, ಫೋಟೋ ಯಾಕೆ?

ಚಾರ್ಮಾಡಿ ತಿರುವು:
ಹಾಗಾದರೆ ಒಂದು ಸಲ ಕಾಯಿ ಮತ್ತೆ ಬಾಕ್ಸಿಗೆ ಹಾಕಿ 80ರವರೆಗೆ ನೋಡೋದಾ?

ಶಿರಸಿ ಸವಾರ:
ನಾನಂತೂ ನೋಡಲ್ಲ ಅಕ್ಕ. ಸರಿ ಇರೋ ಗಾಡಿ ಕೆಡಿಸಲ್ಲ.

450 ಗಿರಿ:
ಜೋನಿ ಬೆಲ್ಲ ಬೆಂಗಳೂರಲ್ಲಿ ಎಲ್ಲಿ ಸಿಗುತ್ತೆ? ಇಲ್ಲಿ ತಗೊಂಡಿದ್ದರಲ್ಲಿ ಬರೀ ಸಕ್ಕರೆ ಪಾಕ.

ಶಿರಸಿ ಸವಾರ:
ಸಿಗಲ್ಲ, ಅದಕ್ಕೇ ತರೋದು. ಆಲೆಮನೆ ಶುರುವಾದಾಗ ಹೇಳಿ, ಒಂದು ಡಬ್ಬಿ ಜಾಸ್ತಿ ತರ್ತೀನಿ.

ಹಳೇ ಸ್ಪ್ಯಾನರ್:
ಸವಾರ, ಹೊಸ ಟೇಪರ್ 500 ಕಿ.ಮೀ. ಓಡಿದ ಮೇಲೆ ಕೂತು ಚೂರು ಸಡಿಲ ಆಗುತ್ತೆ. ಮತ್ತೆ ಒಂದು ಸಲ ಟೈಟ್ ನೋಡಿಸು. ಅತಿ ಬಿಗಿ ಬೇಡ. ಚಕ್ರ ಎತ್ತಿ ಹ್ಯಾಂಡಲ್ ಬಿಟ್ಟರೆ ತನ್ನ ಪಾಡಿಗೆ ಒಂದು ಕಡೆಗೆ ಬೀಳಬೇಕು.

ಚಾರ್ಮಾಡಿ ತಿರುವು:
ಇದು ನೂರಕ್ಕೆ ನೂರು ನಿಜ. ಆ ಪ್ಲೇಟನ್ನೂ ಮುಂದಿನ ತೂತುಗಳಿಗೆ ಸರಿಸಿ ಕೂರಿಸಿಬಿಡಿ, ಹೇಗಿದ್ದರೂ ಸ್ಪ್ಯಾನರ್ ಕೈಯಲ್ಲಿರುತ್ತೆ.